ಜಾಲಹಳ್ಳಿಯ ವಾಲ್ವ್, ಗಿಟಾರಿನ ನಾದ

ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆಗೆ ಕೈಹಾಕಿತು. ಸ್ವಿಚ್ ಹಾಕಿ ತುಸು ಹೊತ್ತು ಕಾದು, ವಾಲ್ವ್ ಕಾದ ಮೇಲಷ್ಟೇ ರೇಡಿಯೊ ದನಿ ತೆಗೆಯುತ್ತಿದ್ದ ಕಾಲವದು. ಟ್ರಾನ್ಸಿಸ್ಟರ್ ಬಂದು ಆ ಗಾಜಿನ ಬುರುಡೆಗಳನ್ನು ಮೂಲೆಗೆ ತಳ್ಳಿತು. ಆದರೂ ಅಲ್ಲಿ ತಯಾರಾದ ಇಎಲ್ 84 ಎಂಬ ಪುಟ್ಟ ವಾಲ್ವ್‌ಗೆ ಇಂದಿಗೂ ಗಿರಾಕಿಗಳಿದ್ದಾರೆ. ಅವರಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರೂ ಉಂಟು. ಇಂಗ್ಲೆಂಡಿನ ಹೆಸರಾಂತ ವಾಕ್ಸ್ ಎಸಿ 30 ಆಂಪ್ಲಿಫೈಯರಿನ ಹೊಟ್ಟೆಯಲ್ಲಿರುವುದು ಇಂಥವೇ ನಾಲ್ಕು.

ಮಿತಿ ಮೀರಿದಾಗ ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಧ್ವನಿತರಂಗದ ತಲೆಯನ್ನು ಕತ್ತರಿಸಿದಂತೆ ಚಪ್ಪಟೆ ಮಾಡುತ್ತದೆ. ವಾಲ್ವ್ ಮೆಲ್ಲಗೆ ಬಾಗಿಸುತ್ತದೆ. ರೇಡಿಯೊ ಎಂಜಿನಿಯರಿಗೆ ದೋಷವೆನಿಸಿದ್ದು ಗಿಟಾರಿನವರಿಗೆ ನಾದ!

ಡಿಜಿಟಲ್ ‘ಮಾಡೆಲರ್’ ಈ ನಾದವನ್ನೇ ಅಣಕಿಸುವ ಯಂತ್ರ. ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆ, ಅದರ ಮುಂದಿನ ಮೈಕು ಮೂರರ ಸ್ವಭಾವವನ್ನೂ ಲೆಕ್ಕದಿಂದ ಅನುಕರಿಸುತ್ತದೆ. ತೊಡಕು ಶುರುವಾಗುವುದು ಅದನ್ನು ನಿಜವಾದ ವಾಲ್ವ್ ಆಂಪ್ಲಿಫೈಯರಿಗೆ ಜೋಡಿಸಿದಾಗ. ನಕಲಿನ ಮೇಲೆ ಅಸಲು ಕೂತು, ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಯಂತ್ರ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಹೊರಬೇಕಿಲ್ಲ. ಮೊದಲು ಮಾಡೆಲರಿನ ಸ್ಪೀಕರ್ ಅನುಕರಣೆಯನ್ನು ಬಂದ್ ಮಾಡಬೇಕು. ಆಂಪ್ಲಿಫೈಯರ್ ಅನುಕರಣೆ ಬೇಕೇ ಬೇಕೆಂದರೆ, ವೈರನ್ನು ಗಿಟಾರ್ ಸಿಕ್ಕಿಸುವ ಜಾಕಿಗೆ ಕೊಡದೆ ಹಿಂಬದಿಯ ‘ಎಫೆಕ್ಟ್ಸ್ ರಿಟರ್ನ್’ಗೆ ಕೊಡಬೇಕು. ಆಗ ಮೊದಲ ಹಂತ ಬದಿಗೆ ಸರಿದು, ಕೊನೆಯ ಹಂತದ ವಾಲ್ವ್‌ಗಳು ಮಾತ್ರ ದುಡಿಯುತ್ತವೆ. ವಾಲ್ವಿನ ಸ್ವಂತ ದನಿಯನ್ನೇ ಬಯಸುವವರು ಎರಡೂ ಅನುಕರಣೆಗಳನ್ನು ಬಿಟ್ಟು, ಗಿಟಾರಿನ ಜಾಕಿಗೇ ಜೋಡಿಸಿ, ಮಾಡೆಲರಿನಿಂದ ಪ್ರತಿಧ್ವನಿಯಂಥ ಅಲಂಕಾರಗಳನ್ನಷ್ಟೇ ಪಡೆಯಬಹುದು. 1960ರ ದಶಕದ ಎಸಿ 30ರಲ್ಲಂತೂ ಹಿಂಬದಿಯ ಆ ಜಾಕೇ ಇಲ್ಲ. ಅದರ ಒಡೆಯರಿಗೆ ಉಳಿದಿರುವುದು ಈ ಎರಡನೆಯ ದಾರಿಯೊಂದೇ.