ಕೆಂಪಿಗೆ ಖಾರ ಬೇಕಿಲ್ಲ, ಬಣ್ಣದ ಪೊಟ್ಟಣವೂ ಬೇಕಿಲ್ಲ

ಊರು ಬಿಟ್ಟು ಪಾವಗಡಕ್ಕೆ ಬಂದ ಹೊಸತರಲ್ಲಿ ನಾವು ಮಾಡಿದ ಮೊದಲ ತಪ್ಪು ಮೆಣಸಿನ ಲೆಕ್ಕದ್ದು. ಮಂಗಳೂರಿನಲ್ಲಿ ಮಾಡುವ ಹಾಗೆಯೇ ಒಂದು ಕಿಲೋ ಮಾಂಸಕ್ಕೆ ಹದಿನೈದು ಒಣಮೆಣಸು ಅರೆದು ಹಾಕಿದೆವು. ಆದರೆ ಸುತ್ತ ಬಹುಪಾಲು ಆಂಧ್ರವೇ ಇರುವ ತಾಲೂಕು ಇದು. ಅಂಗಡಿಯವರು ಕೊಟ್ಟದ್ದು ಗುಂಟೂರು ಮೆಣಸು. ಉಮ್ಮ ಎರಡು ತುತ್ತಿಗೇ ಬಟ್ಟಲು ಸರಿಸಿದರು, ರಾತ್ರಿಯಿಡೀ ಹೊಟ್ಟೆ ಉರಿ. ಪಕ್ಕದ ಮನೆಯ ಅಕ್ಕ ಮಾತ್ರ ಅದೇ ಸಾರನ್ನು ರಾಗಿಮುದ್ದೆ ಜೊತೆ ಉಂಡು, "ಖಾರ ಸರಿಯಾಗೈತೆ, ಉಪ್ಪೇ ಸ್ವಲ್ಪ ಕಮ್ಮಿ" ಅಂದರು!

ಮರುವಾರ ಮೆಣಸು ಐದಕ್ಕಿಳಿಸಿದೆವು. ಖಾರ ಹದಕ್ಕೆ ಬಂತು, ಬಣ್ಣ ಹೋಯಿತು. ಪೇಲವ ಮೀನು ಫ್ರೈಯನ್ನು ಮಕ್ಕಳು ಮುಟ್ಟಲಿಲ್ಲ. ಆಗ ಯಾರೋ ಹೇಳಿದರೆಂದು ಕೆಂಪು ಬಣ್ಣದ ಪೊಟ್ಟಣ ತಂದು ಒಂದು ಚಿಟಿಕೆ ಹಾಕಿದ್ದೂ ಉಂಟು. ಮುಚ್ಚಿಡುವುದೇನು, ಎರಡು ವರ್ಷ ಹಾಕಿದ್ದೇವೆ. 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಕಬಾಬ್ ಮತ್ತು ಮೀನಿನ ಖಾದ್ಯಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗಲೇ ನಮಗೆ ಎಚ್ಚರವಾದದ್ದು. ಪರೀಕ್ಷೆಗೆ ಕಳಿಸಿದ್ದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಬಂದಿತ್ತು. ಹೋಟೆಲಿನವರನ್ನು ಬೈಯುವುದು ಸುಲಭ. ನಮ್ಮ ಅಡುಗೆಮನೆಯ ಡಬ್ಬಿಯಲ್ಲೂ ಅಂಥದ್ದೇ ಪೊಟ್ಟಣ ಇತ್ತಲ್ಲ!

ಅದೇ ಸಮಯಕ್ಕೆ ಗಲ್ಫ್‌ನಿಂದ ರಜೆಗೆ ಬಂದ ಅಳಿಯ ಒಂದು ಪಾಪ್ರಿಕಾ ಡಬ್ಬಿ ತಂದ. ನೋಡ್ಲಿಕ್ಕೆ ರಕ್ತಗೆಂಪು, ನಾಲಗೆಗಿಟ್ಟರೆ ಸಿಹಿ ಸಿಹಿ. ಪಾಪ್ರಿಕಾ ಅನ್ನುವುದು ಹಂಗೇರಿಯವರ ಮಾತು. ಅಮೆರಿಕ ಖಂಡದ ಮೆಣಸು ನಮಗೆ ಪೋರ್ಚುಗೀಸರಿಂದ ಬಂದರೆ, ಅವರಿಗೆ ತುರ್ಕಿಯರಿಂದ ಹೋಯಿತು. ಅವರು ಅದರಲ್ಲಿ ಮಾಂಸದ ಗೂಲಾಶ್ ಮಾಡುತ್ತಾರೆ, ಹೊಳೆಯ ಕಾರ್ಪ್ ಮೀನಿನ ಕೆಂಪು ಸಾರು ಮಾಡುತ್ತಾರೆ. ನಮಗಿಲ್ಲಿ ಸಿಗುವ ಕಟ್ಲಾ, ರೋಹು ಕೂಡ ಕಾರ್ಪ್ ಜಾತಿಯವೇ. ಬಂಗುಡೆ, ಬೂತಾಯಿಯ ಆಸೆ ಮಾತ್ರ ಊರಿಗೆ ಹೋದಾಗಲೇ ತೀರಬೇಕು.

ಡಬ್ಬಿ ಒಂದೇ ತಿಂಗಳಲ್ಲಿ ಖಾಲಿ. ಆಮೇಲೆ ಹೊಳೆಯಿತು, ಇದರ ಬಂಧು ನಮ್ಮಲ್ಲೇ ಇದೆಯಲ್ಲ, ಹಾವೇರಿ ಜಿಲ್ಲೆಯ ಬ್ಯಾಡಗಿ! ಎರಡೂ ಒಂದೇ ಪ್ರಭೇದದ ಗಿಡಗಳು. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಮೆಣಸಿನ ಖಾರ ಕ್ಯಾಪ್ಸೈಸಿನ್‌ನಿಂದ, ಪಾಪ್ರಿಕಾದ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್‌ನಿಂದ. ಎರಡೂ ಬೇರೆ ಬೇರೆ ವಸ್ತುಗಳು. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲು ಅಡ್ಡಿಯಿಲ್ಲ.

ಈ ಕೆಂಪು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ. ಆದರೆ ಪುಡಿಯಲ್ಲಿ ಸಿಹಿ ಅಂಶ ಇರುವುದರಿಂದ ಕಾದ ಎಣ್ಣೆಯಲ್ಲಿ ಕ್ಷಣಕ್ಕೆ ಕರಕಲಾಗಿ ಕಹಿಯಾಗುತ್ತದೆ. ನಾವು ಹಾಗೆ ಒಂದು ಪಾತ್ರೆ ಸಾರು ಚೆಲ್ಲಿದ್ದೇವೆ. ಈಗ ಇಲ್ಲಿಯ ಕಡ್ಲೆಕಾಯಿ ಎಣ್ಣೆಯಲ್ಲಿ ಈರುಳ್ಳಿ ಚೆನ್ನಾಗಿ ಬಾಡಿಸಿ, ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಎರಡು ಚಮಚ ಬ್ಯಾಡಗಿ ಪುಡಿ ಹಾಕಿ ಒಮ್ಮೆ ಕೈಯಾಡಿಸಿ, ಕೂಡಲೇ ಮಾಂಸ, ಸ್ವಲ್ಪ ನೀರು ಸೇರಿಸಿ ಮತ್ತೆ ಒಲೆಗಿಡುತ್ತೇವೆ. ಬೇಯುವಾಗ ಎಣ್ಣೆ ಮೇಲೆ ತೇಲಿ ಕೆಂಪಗೆ ಹೊಳೆಯುತ್ತದೆ. ಮೀನಿಗಾದರೆ ಹತ್ತು ಬ್ಯಾಡಗಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ನುಣ್ಣಗೆ ಅರೆದು ಹಚ್ಚಿ, ಸಣ್ಣ ಉರಿಯಲ್ಲಿ ಕಾಯಿಸುವುದು. ಖಾರ ಬೇಕಾದವರಿಗೆ ಒಂದೆರಡು ಗುಂಟೂರು ಸೇರಿಸಿದರಾಯಿತು.

ಪುಡಿ ತರುವವರು ಒಂದು ಪರೀಕ್ಷೆ ಮಾಡಿ. ಲೋಟದ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಬಣ್ಣ ಗೆರೆ ಗೆರೆಯಾಗಿ ಕೆಳಗಿಳಿದರೆ ಕಲಬೆರಕೆ ಇದೆಯೆಂದೇ ತಿಳಿಯಿರಿ. ಆದರೆ ಸುಡಾನ್‌ನಂಥ, ಎಣ್ಣೆಯಲ್ಲಿ ಮಾತ್ರ ಕರಗುವ ಬಣ್ಣಗಳು ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೇ ನಾವು ಇಡೀ ಕಾಯಿ ತಂದು, ತೊಟ್ಟು ತೆಗೆದು, ಒಂದು ದಿನ ಬಿಸಿಲಿಗಿಟ್ಟು ಮಿಲ್ಲಿಗೆ ಒಯ್ಯುತ್ತೇವೆ. ಪಾವಗಡದಲ್ಲಿ ಬಿಸಿಲಿಗೇನು ಬರವಿಲ್ಲವಲ್ಲ.

ಕಳೆದ ವಾರ ಕಟ್ಲಾ ಸಾರಿಗೆ ಉಮ್ಮ ಎರಡನೇ ಸಲ ಬಟ್ಟಲು ಮುಂದೆ ಹಿಡಿದರು. ಪಕ್ಕದ ಮನೆಯ ಅಕ್ಕ ಮಾತ್ರ ಒಂದು ಹಸಿಮೆಣಸು ಕೇಳಿ ಇಸಿದುಕೊಂಡು ಹೋದರು.