ಬೀಸಣಿಗೆ ತುಂಬಿದೆ, ನೆಟ್ ಮಾತ್ರ ಇಲ್ಲ

ಫೋನಿನ ಮೂಲೆಯಲ್ಲಿ ವೈಫೈ ಗುರುತಿನ ಬೀಸಣಿಗೆ ಪೂರ್ತಿ ತುಂಬಿರುತ್ತದೆ. ಆದರೂ ವಿಡಿಯೊ ಸುತ್ತುತ್ತಲೇ ಇರುತ್ತದೆ, ಯುಪಿಐಯಲ್ಲಿ ದುಡ್ಡು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ, ಆಫೀಸಿನ ಮೀಟಿಂಗಿನಲ್ಲಿ ನಮ್ಮ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ. ‘ಸಿಗ್ನಲ್ ಫುಲ್ ಇದೆಯಲ್ಲ!’ ಎಂದು ಮನೆಮಂದಿಯೆಲ್ಲ ರೇಗುತ್ತಾರೆ. ಆ ಗುರುತನ್ನು ನಾವು ಅತಿಯಾಗಿ ನಂಬಿದ್ದೇವೆ. ರೂಟರಿನ ರೇಡಿಯೊ ಅಲೆ ಫೋನಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ರೂಟರಿಗೆ ಹೊರಗಿನಿಂದ ಏನಾದರೂ ಬರುತ್ತಿದೆಯೇ, ಫೋನು ಕೊಟ್ಟ ಉತ್ತರ ರೂಟರನ್ನು ಮುಟ್ಟುತ್ತಿದೆಯೇ ಎಂಬುದನ್ನು ಬೀಸಣಿಗೆಯ ಗೆರೆಗಳಿಂದ ಅಳೆಯಲಾಗದು.

ವೈಫೈ ಬೇರೆ, ಇಂಟರ್ನೆಟ್ ಬೇರೆ. ಫೋನಿನಿಂದ ರೂಟರ್‌ವರೆಗಿನ ಹತ್ತಾರು ಅಡಿ ಗಾಳಿಯ ದಾರಿ ವೈಫೈ. ಅಲ್ಲಿಂದ ಆಚೆ ಗಾಜಿನ ಎಳೆ, ಬೀದಿಯ ಪೆಟ್ಟಿಗೆ, ಕಂಪನಿಯ ಎಕ್ಸ್‌ಚೇಂಜ್, ಅದರಾಚೆಯ ಜಗತ್ತು. ನೆಟ್ ಕೈಕೊಟ್ಟಾಗ ಮೊದಲ ಕೆಲಸ ರಿಪೇರಿಯಲ್ಲ. ಈ ದಾರಿಯಲ್ಲಿ ಎಲ್ಲಿ ಕಡಿದಿದೆ ಎಂದು ಪತ್ತೆಮಾಡುವುದು. ದಾರಿಯನ್ನು ರೂಟರಿನ ಬಳಿ ಎರಡು ಭಾಗ ಮಾಡಿಕೊಂಡರೆ ಹುಡುಕಾಟ ಅರ್ಧ ಮುಗಿಯಿತು.

ರೂಟರನ್ನು ಮಗುಚಿ ನೋಡಿ. ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಎಂದೋ ಅದಕ್ಕೆ ಹತ್ತಿರದ ಇನ್ನೊಂದು ಸಂಖ್ಯೆಯೋ ಇರುತ್ತದೆ. ಮನೆ, ಕಚೇರಿಗಳ ಒಳಬಳಕೆಗೆಂದೇ ಎತ್ತಿಟ್ಟ ವಿಳಾಸಗಳಲ್ಲಿ ಅದೂ ಒಂದು. ಹಾಗಾಗಿ ಕಾರವಾರದ ಮನೆಗೂ ಕೋಲಾರದ ಮನೆಗೂ ಒಂದೇ ಸಂಖ್ಯೆ ಇದ್ದರೆ ಏನೂ ತೊಂದರೆಯಿಲ್ಲ. ಆ ಸಂಖ್ಯೆಯನ್ನು ಬ್ರೌಸರಿನಲ್ಲಿ ಟೈಪ್ ಮಾಡಿ. ರೂಟರಿನ ಪುಟ ತಟ್ಟನೆ ತೆರೆದುಕೊಂಡರೆ ಮನೆಯೊಳಗಿನ ದಾರಿ ಸರಿಯಿದೆ, ತಕರಾರು ಆಚೆಯದು. ತೆರೆಯದಿದ್ದರೆ ಕಂಪನಿಯವರನ್ನು ಬೈಯುವ ಮೊದಲು ಮನೆಯೊಳಗೇ ಹುಡುಕಬೇಕು. ಲ್ಯಾಪ್‌ಟಾಪಿನ ವಿಳಾಸ 169.254 ಎಂದು ಶುರುವಾಗುತ್ತಿದ್ದರೆ ರೂಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ. ಕಾದು ಸಾಕಾಗಿ ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಆಚೆಯ ದಾರಿ ನೋಡಲು ಕಂಪ್ಯೂಟರಿನಲ್ಲಿ ‘ಪಿಂಗ್’ ಎಂಬ ಪುಟ್ಟ ಸಲಕರಣೆಯಿದೆ. ಮೈಕ್ ಮಸ್ ಎಂಬ ಅಮೆರಿಕದ ಎಂಜಿನಿಯರ್ 1983ರ ಡಿಸೆಂಬರಿನಲ್ಲಿ ಬರೆದದ್ದು. ಸೇನೆಯ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದ ಅವರನ್ನು ಅಲ್ಲಿನ ನೆಟ್‌ವರ್ಕ್ ಕಾಡಿಸುತ್ತಿತ್ತು. ಜಲಾಂತರ್ಗಾಮಿಗಳು ಸದ್ದು ಮಾಡಿ ಮಾರ್ದನಿಗೆ ಕಾಯುವ ಉಪಾಯವನ್ನೇ ಅವರು ಇಲ್ಲಿಗೂ ತಂದರು. ಪಿಂಗ್ ಎಂದು ಬರೆದು ಮುಂದೆ 8.8.8.8 ಎಂದು ಕೊಡಿ. ಅದು ಗೂಗಲ್ 2009ರಿಂದ ಸಾರ್ವಜನಿಕರಿಗೆ ಕೊಟ್ಟಿರುವ ಒಂದು ಸೇವೆಯ ವಿಳಾಸ. ಉತ್ತರ ಎಷ್ಟು ಮಿಲಿಸೆಕೆಂಡಿನಲ್ಲಿ ಬಂತು, ಎಷ್ಟು ಸಲ ಬರಲೇ ಇಲ್ಲ ಎರಡೂ ಗೊತ್ತಾಗುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರಲು ಅದಕ್ಕೆ ಒಂದೂವರೆ ಮಿಲಿಸೆಕೆಂಡು ಸಾಕು. ಪಿಂಗ್ 300 ತೋರಿಸುತ್ತಿದ್ದರೆ ಅದಕ್ಕೆ ದೂರ ಕಾರಣವಲ್ಲ. ನಿಮ್ಮ ಮಾಹಿತಿ ಎಲ್ಲೋ ಸಾಲಿನಲ್ಲಿ ನಿಂತು ಕಾಯುತ್ತಿದೆ.

ಸಂಖ್ಯೆಗೆ ಉತ್ತರ ಬರುತ್ತದೆ, ಜಾಲತಾಣದ ಹೆಸರು ಕೊಟ್ಟರೆ ಬರುವುದಿಲ್ಲ ಎಂದಾದರೆ ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ. ರೂಟರಿನ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನು ಹಳೆಯ ಕಂಪ್ಯೂಟರೊಂದರಲ್ಲಿ ಮಾತ್ರ ಎಲ್ಲ ತಾಣಗಳೂ ‘ಸುರಕ್ಷಿತವಲ್ಲ’ ಎಂದು ತಕರಾರು ತೆಗೆದರೆ ಅದರ ಗಡಿಯಾರ ನೋಡಿ. ಒಳಗಿನ ಬಟನ್ ಸೆಲ್ ಸತ್ತು ಇಸವಿ ಹಿಂದಕ್ಕೆ ಹೋಗಿದ್ದರೆ ಸುರಕ್ಷತಾ ಪ್ರಮಾಣಪತ್ರಗಳ ಅವಧಿ ಲೆಕ್ಕಕ್ಕೆ ಸಿಗುವುದಿಲ್ಲ. ನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ರೂಟರಿನ ಮೈಮೇಲಿನ ದೀಪಗಳಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದು: ಎಲ್‌ಒಎಸ್. ಅದು ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಎಕ್ಸ್‌ಚೇಂಜಿನಿಂದ ಬೆಳಕು ಬರುತ್ತಿಲ್ಲ. ಆಗ ಪಾಸ್‌ವರ್ಡ್ ಬದಲಿಸಿ, ಚಾನೆಲ್ ಬದಲಿಸಿ ಏನೂ ಪ್ರಯೋಜನವಿಲ್ಲ. ಫೈಬರಿನ ನಡುವೆ ಬೆಳಕು ಸಾಗುವ ತಿರುಳು ಸುಮಾರು 9 ಮೈಕ್ರೊಮೀಟರ್ ದಪ್ಪ, ಕೂದಲಿಗಿಂತ ಎಷ್ಟೋ ತೆಳು. ಗೋಡೆಗೆ ಓರೆಯಾಗಿ ಬಡಿದ ಬೆಳಕು ಹೊರಗೆ ಸೋರದೆ ಒಳಕ್ಕೇ ಪ್ರತಿಫಲಿಸುತ್ತ ಸಾಗುವುದು ಇದರ ಗುಟ್ಟು. ಇಂಥ ಗಾಜಿನಲ್ಲಿ ಬೆಳಕು ಬೇಗ ಮಂಕಾಗುವುದಕ್ಕೆ ಗಾಜಿನ ಕಲ್ಮಶವೇ ಕಾರಣ ಎಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವೊ ಅವರಿಗೆ 2009ರಲ್ಲಿ ನೊಬೆಲ್ ಬಂತು. ಎಳೆಯನ್ನು ಚೂಪಾಗಿ ಬಗ್ಗಿಸಿದರೆ ಬಡಿಯುವ ಕೋನ ತಪ್ಪಿ ಬೆಳಕು ಸೋರಿಹೋಗುತ್ತದೆ. ಟಿವಿ ಸ್ಟ್ಯಾಂಡನ್ನು ಗೋಡೆಗೆ ಒತ್ತಿದಾಗ, ಉಳಿದ ಕೇಬಲನ್ನು ರಬ್ಬರ್ ಬ್ಯಾಂಡ್ ಹಾಕಿ ಬಿಗಿದಾಗ ಆಗುವುದು ಇದೇ. ಬಳೆಗಿಂತ ಚಿಕ್ಕ ಸುತ್ತು ಬೇಡ. ಕನೆಕ್ಟರಿನ ತಲೆ ಹಸಿರಾಗಿದ್ದರೆ ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದನ್ನು ಹಾಗಲ್ಲ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಬಾರದು. ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡುವುದಂತೂ ಕೂಡದು. ಒಳಗೆ ಬರುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕು.

ಎಕ್ಸ್‌ಚೇಂಜಿನಿಂದ ಹೊರಟ ಒಂದು ಎಳೆಯ ಬೆಳಕನ್ನು ಬೀದಿಯಲ್ಲಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಸಾಮಾನ್ಯವಾಗಿ ಕಾಣುವ ಜಿಪಾನ್ ವ್ಯವಸ್ಥೆಯಲ್ಲಿ ಅಷ್ಟೂ ಮನೆಗಳು ಹಂಚಿಕೊಳ್ಳುವುದು ಸೆಕೆಂಡಿಗೆ ಸುಮಾರು ಎರಡೂವರೆ ಗಿಗಾಬಿಟ್. ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಸಿನಿಮಾ ಹಚ್ಚಿದಾಗ ವೇಗ ಇಳಿಯುವುದಕ್ಕೆ ಇದೂ ಒಂದು ಕಾರಣ. ರೂಟರಿನ ಪುಟದಲ್ಲಿ ‘ಆಪ್ಟಿಕಲ್ ಪವರ್’ ಎಂಬ ಸಾಲು ಸಿಕ್ಕರೆ ಓದಿ. ಮೈನಸ್ 15ರಿಂದ 25ರ ನಡುವೆ ಇದ್ದರೆ ಒಳ್ಳೆಯದು. ಮೈನಸ್ 27ಕ್ಕಿಂತ ಕೆಳಗಿಳಿದರೆ ಎಲ್‌ಒಎಸ್ ದೀಪ ಕೆಂಪಾಗದಿದ್ದರೂ ನೆಟ್ ಆಗಾಗ ಕಡಿಯುತ್ತದೆ. ಬೀದಿಯ ಆ ಹಂಚುವ ಪೆಟ್ಟಿಗೆಗೆ ಕರೆಂಟೇ ಬೇಡ. ಆದರೆ ಕೆಲವು ಊರುಗಳಲ್ಲಿ ಸ್ಥಳೀಯ ಕೇಬಲಿನವರು ತಾರಸಿಯಿಂದ ತಾರಸಿಗೆ ತಾಮ್ರದ ತಂತಿ ಎಳೆದು ನಡುವೆ ಸ್ವಿಚ್ ಇಟ್ಟಿರುತ್ತಾರೆ. ನಿಮ್ಮ ಮನೆಗೆ ಯುಪಿಎಸ್ ಇದ್ದರೂ ಆ ಸ್ವಿಚ್ ಇರುವ ಮನೆಯ ಕರೆಂಟು ಹೋದರೆ ನೆಟ್ ಹೋಯಿತು.

ನನ್ನ ಅಂದಾಜಿನಲ್ಲಿ ಪಟ್ಟಣದ ಅಪಾರ್ಟ್‌ಮೆಂಟುಗಳಲ್ಲಿ ನೆಟ್ ಸ್ಲೋ ಎಂಬ ದೂರುಗಳಲ್ಲಿ ದೊಡ್ಡ ಪಾಲು ಈ ಗಾಜಿನ ದಾರಿಯದಲ್ಲ, ಮನೆಯೊಳಗಿನ ಗಾಳಿಯದು. ಅದರ ಚರಿತ್ರೆಯೇ ಸ್ವಾರಸ್ಯವಾಗಿದೆ. ವೈಫೈ ಓಡಾಡುವ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಮೊದಲು ಸಂಪರ್ಕಕ್ಕಲ್ಲ, ಮೈಕ್ರೊವೇವ್ ಒಲೆಯಂಥ ಯಂತ್ರಗಳಿಗೆ ಬಿಟ್ಟುಕೊಟ್ಟ ಜಾಗ. ಆ ಗದ್ದಲದಲ್ಲಿ ಇನ್ಯಾರೂ ಮಾತಾಡಲಾರರು ಎಂದುಕೊಂಡಿದ್ದರು. 1985ರಲ್ಲಿ ಅಮೆರಿಕ ಆ ಪಟ್ಟಿಯನ್ನು ಲೈಸೆನ್ಸ್ ಇಲ್ಲದ ಸಂಪರ್ಕಕ್ಕೂ ತೆರೆಯಿತು. 1997ರಲ್ಲಿ ಮೊದಲ ವೈಫೈ ಮಾನದಂಡ ಬಂದಾಗ ವೇಗ ಸೆಕೆಂಡಿಗೆ 2 ಮೆಗಾಬಿಟ್. ಭಾರತದಲ್ಲಿ ಈ ಪಟ್ಟಿ ಲೈಸೆನ್ಸಿನಿಂದ ಪೂರ್ತಿ ಬಿಡುಗಡೆಯಾದದ್ದು 2005ರಲ್ಲಿ. ಹೀಗಾಗಿ ಇದು ಯಾರಪ್ಪನ ಸ್ವತ್ತೂ ಅಲ್ಲ: ನಿಮ್ಮ ರೂಟರ್, ಪಕ್ಕದ ಮನೆಯ ರೂಟರ್, ಬ್ಲೂಟೂತ್ ಸ್ಪೀಕರ್, ಬಾಗಿಲ ಬಳಿಯ ಕ್ಯಾಮೆರಾ ಎಲ್ಲಕ್ಕೂ ಅದೇ ಗಾಳಿ. ಸಾಮಾನ್ಯ ಮೈಕ್ರೊವೇವ್ ಒಲೆ ಸೆಕೆಂಡಿಗೆ 50 ಸಲ ಹತ್ತಿ ಆರುತ್ತ ಅಲ್ಲೇ ಗದ್ದಲ ಎಬ್ಬಿಸುತ್ತದೆ. ಅದರ ಲೋಹದ ಬಾಗಿಲಿನಿಂದ ಸೋರುವುದು ತೀರಾ ಸ್ವಲ್ಪ, ಮೈಗೆ ಅಪಾಯವಿಲ್ಲದಷ್ಟು. ಆದರೆ ಪಿಸುಮಾತಿನಷ್ಟು ಕ್ಷೀಣವಾದ ವೈಫೈಗೆ ಅಷ್ಟೇ ಸಾಕು.

ಎಷ್ಟು ಕ್ಷೀಣ? ಮನೆಯ ರೂಟರ್ ಸಾಮಾನ್ಯವಾಗಿ ಸುಮಾರು 100 ಮಿಲಿವಾಟ್ ಶಕ್ತಿಯಲ್ಲಿ ಅಲೆ ಬಿಡುತ್ತದೆ. ಎರಡು ಗೋಡೆ ದಾಟಿ ಫೋನಿಗೆ ಮೈನಸ್ 70 ಡಿಬಿಎಂ ಎಂಬ ಮಟ್ಟದಲ್ಲಿ ತಲುಪಿದರೆ ಅದು ಹೊರಟ ಶಕ್ತಿಯ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೂ ಫೋನು ಅಕ್ಷರ ತಪ್ಪದೆ ಓದುತ್ತದೆ. ಹಿಂದಿರುಗುವ ಉತ್ತರದ ಪಾಡು ಇನ್ನೂ ಕಷ್ಟ. ಫೋನಿನ ಪುಟ್ಟ ಆಂಟೆನಾದ ದನಿ ರೂಟರಿನದಕ್ಕಿಂತ ಸಾಮಾನ್ಯವಾಗಿ ಸಣ್ಣದು. ಬೀಸಣಿಗೆ ತುಂಬಿದ್ದರೂ ಕೆಲಸ ಕೆಡುವ ಒಂದು ಬಗೆ ಇದು.

ಗಾಳಿ ಒಂದೇ ಆದ್ದರಿಂದ ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಅರಳಿಕಟ್ಟೆಯ ಮೇಲೆ ಕೂತ ಮರ್ಯಾದಸ್ಥರ ಹಾಗೆ ವೈಫೈ ಯಂತ್ರಗಳು ಮೊದಲು ಕಿವಿಗೊಡುತ್ತವೆ, ಯಾರೂ ಮಾತಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬಾಯಿ ತೆರೆಯುತ್ತವೆ, ಇಬ್ಬರೂ ಒಟ್ಟಿಗೆ ತೆರೆದರೆ ಸುಮ್ಮನಾಗಿ ಅಷ್ಟಿಷ್ಟು ಹೊತ್ತು ಬಿಟ್ಟು ಮತ್ತೆ ಯತ್ನಿಸುತ್ತವೆ. ಇದರ ಹಿರಿಯಜ್ಜ 1971ರಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಹವಾಯಿ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೊದಲ್ಲಿ ಬೆಸೆಯಲು ಕಟ್ಟಿದ ಅಲೋಹಾನೆಟ್. ಈ ಶಿಸ್ತಿಗೆ ಒಂದು ಬೆಲೆಯಿದೆ. ಮಹಡಿ ಕೋಣೆಯ ಹಳೆಯ ಫೋನೊಂದು 6 ಎಂಬಿಪಿಎಸ್ ವೇಗದಲ್ಲಿ ತೊದಲುತ್ತಿದ್ದರೆ, 300ರಲ್ಲಿ ಹೇಳಬಹುದಾದ ಮಾತಿಗೆ ಅದು 50 ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ರೂಟರಿನ ಪಕ್ಕದಲ್ಲೇ ಕೂತ ಹೊಸ ಲ್ಯಾಪ್‌ಟಾಪೂ ಕಾಯಲೇಬೇಕು.

2.4ರ ಪಟ್ಟಿಯಲ್ಲಿ 13 ಚಾನೆಲ್ ಇದೆ ಎಂದು ಕಾಣುತ್ತದೆ. ಆದರೆ ಅವು 5 ಮೆಗಾಹರ್ಟ್ಸ್ ಅಂತರದಲ್ಲಿವೆ, ಒಂದೊಂದೂ 20 ಮೆಗಾಹರ್ಟ್ಸ್ ಅಗಲ. ಒಂದರ ಮೇಲೊಂದು ಏರದಂತೆ ಇರಬಲ್ಲವು 1, 6, 11 ಎಂಬ ಮೂರೇ. ಫೋನಿನಲ್ಲಿ ವೈಫೈ ಅನಲೈಸರ್ ಬಗೆಯ ಆ್ಯಪ್ ಹಾಕಿಕೊಂಡು ಈ ಮೂರರಲ್ಲಿ ಯಾವುದು ಖಾಲಿಯಿದೆ ನೋಡಿ ಅದನ್ನೇ ಆರಿಸಿ. ನಡುವೆ 3 ಖಾಲಿಯಿದೆ ಎಂದು ನುಗ್ಗಿದರೆ ಎರಡೂ ಕಡೆಯವರ ಮಾತು ಅರೆಬರೆ ಕಿವಿಗೆ ಬೀಳುತ್ತದೆ. ನೆರೆಹೊರೆ ದಟ್ಟವಾಗಿದ್ದರೆ 5 ಗಿಗಾಹರ್ಟ್ಸ್ ಪಟ್ಟಿಯೇ ಲೇಸು: ಅಲ್ಲಿ ಜಾಗ ಧಾರಾಳ, ಗೋಡೆ ದಾಟುವ ಶಕ್ತಿ ಕಮ್ಮಿ. ಪಕ್ಕದ ಮನೆಯ ಗದ್ದಲವನ್ನೂ ಗೋಡೆ ತಡೆಯುವುದರಿಂದ ಆ ದೌರ್ಬಲ್ಯವೂ ನಮಗೆ ಅನುಕೂಲವೇ.

ರೂಟರ್ ಇಡುವ ಜಾಗದ ಬಗ್ಗೆ ನಮ್ಮವರ ಅಸಡ್ಡೆ ಹೇಳತೀರದು. ಕೇಬಲ್ ಹಾಕಲು ಬಂದ ಹುಡುಗ ಮೊಳೆ ಹೊಡೆಯಲು ಸುಲಭವಾದ ಮೂಲೆಯಲ್ಲಿ ಸಿಕ್ಕಿಸಿ ಹೋಗುತ್ತಾನೆ. ನಾವು ಅದರ ಮುಂದೆ ಟಿವಿ, ಪಕ್ಕದಲ್ಲಿ ಕಬ್ಬಿಣದ ಬೀರು ತಂದಿಡುತ್ತೇವೆ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ಕನ್ನಡಿಯ ಹಿಂಬದಿಯ ಲೇಪವೂ ಹಾಗೆಯೇ. ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಮೀನಿನ ತೊಟ್ಟಿಯೂ ನೀರಿನ ಟ್ಯಾಂಕೂ ಅಡ್ಡಿ. ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಛಾವಣಿ, ಮಲೆನಾಡು-ಕರಾವಳಿಯ ದಪ್ಪ ಜಂಬಿಟ್ಟಿಗೆ ಗೋಡೆ ಎರಡೂ ವೈಫೈಗೆ ಗಟ್ಟಿ ತಡೆಗಳು. ಮನೆಯ ನಡುವೆ, ಆಳೆತ್ತರದಲ್ಲಿ, ಬಯಲಿಗೆ ಇಡಿ. ದುಡ್ಡು ಖರ್ಚಿಲ್ಲದ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಒಂದೇ ಕೋಣೆಯಲ್ಲಿ ಒಂದು ಜಾಗದಲ್ಲಿ ನೆಟ್ ಇದ್ದು ಪಕ್ಕದಲ್ಲೇ ಸತ್ತಂತಿರುವುದೂ ಉಂಟು. ಗೋಡೆಗಳಿಗೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಫೋನನ್ನು ನಾಲ್ಕು ಬೆರಳಗಲ ಸರಿಸಿದರೂ ಸಿಗ್ನಲ್ ಮರಳಬಹುದು. ಈ ಮಾರ್ದನಿಗಳ ಕಾಟವನ್ನು ಬಗೆಹರಿಸಿದವರಲ್ಲಿ ಮುಖ್ಯರು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಜಾನ್ ಒ'ಸುಲಿವಾನ್ ಮತ್ತು ಸಂಗಡಿಗರು. ಅದಕ್ಕೂ ಮುಂಚೆ ಒ'ಸುಲಿವಾನ್ ಸಿಡಿಯುವ ಕಿರು ಕಪ್ಪುಕುಳಿಗಳ ರೇಡಿಯೊ ಮಿಡಿತವನ್ನು ಆಕಾಶದಲ್ಲಿ ಹುಡುಕುತ್ತಿದ್ದರು. ಅದು ಸಿಗಲಿಲ್ಲ. ಆ ಹುಡುಕಾಟದಲ್ಲಿ ಕೈಗೆ ಹತ್ತಿದ ಗಣಿತ ಇಲ್ಲಿ ಒದಗಿತು: ವೇಗದ ಒಂದೇ ಹರಿವಿನ ಬದಲು ನಿಧಾನದ ಹತ್ತಾರು ಹರಿವುಗಳನ್ನು ಒಟ್ಟಿಗೆ ಕಳಿಸಿದರೆ ಮಾರ್ದನಿ ಒಂದರ ಮೇಲೊಂದು ಬಿದ್ದರೂ ಮಾತು ಕೆಡುವುದಿಲ್ಲ.

ಇನ್ನು ಆಫ್ ಮಾಡಿ ಆನ್ ಮಾಡುವ ಮದ್ದು. ಅದನ್ನು ಗೇಲಿ ಮಾಡಬೇಕಿಲ್ಲ, ಕೆಲಸ ಮಾಡುತ್ತದೆ. ಅಗ್ಗದ ರೂಟರಿನ ನೆನಪಿನಲ್ಲಿ ತುಂಬಿಕೊಂಡ ಹಳೆಯ ಸಂಪರ್ಕಗಳ ಪಟ್ಟಿ ಅಳಿಯುತ್ತದೆ, ಎಕ್ಸ್‌ಚೇಂಜಿನಲ್ಲಿ ಹೊಸದಾಗಿ ಹಾಜರಿ ಬೀಳುತ್ತದೆ, ಚಾನೆಲ್ ಆಯ್ಕೆ ‘ಆಟೊ’ದಲ್ಲಿದ್ದರೆ ಗದ್ದಲ ಕಮ್ಮಿಯಿರುವ ಕಡೆಗೆ ಹೋಗುತ್ತದೆ. ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಆದರೆ ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿ ‘ರೀಸೆಟ್’ ಮಾಡುವುದು ಬೇರೆಯೇ ಮಾತು. ಕಂಪನಿಯವರು ತುಂಬಿದ ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ ಅವರು ಬರುವ ತನಕ ನೆಟ್ ಇರುವುದಿಲ್ಲ. ದಿನಕ್ಕೆರಡು ಸಲ ರೀಸ್ಟಾರ್ಟ್ ಬೇಕಾಗುತ್ತಿದ್ದರೆ ಅಡಾಪ್ಟರ್ ಸೊರಗಿರಬಹುದು, ಅದನ್ನು ಮೊದಲು ಬದಲಿಸಿ.

ಕೊನೆಗೆ ದುಡ್ಡಿನ ಮಾತು. ಮಲಗುವ ಕೋಣೆಯಲ್ಲಿ ಸಿಗ್ನಲ್ ಬರದ್ದಕ್ಕೆ 100ರ ಪ್ಲಾನ್ ಬಿಟ್ಟು 300ರದ್ದು ಹಾಕಿಸಿಕೊಳ್ಳುವುದು ದಂಡ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಒಂದು ಎಚ್‌ಡಿ ಸಿನಿಮಾಕ್ಕೆ ಸುಮಾರು 5 ಎಂಬಿಪಿಎಸ್ ಸಾಕು. ಅದೇ ದುಡ್ಡಿನಲ್ಲಿ ಆ ಕೋಣೆಯವರೆಗೆ ಲ್ಯಾನ್ ಕೇಬಲ್ ಎಳೆಸಿ ಇನ್ನೊಂದು ರೂಟರ್ ಇಡಿ. ಅಗ್ಗದ ರಿಪೀಟರ್ ಕೇಳಿದ್ದನ್ನೇ ಅದೇ ಗಾಳಿಯಲ್ಲಿ ಮತ್ತೊಮ್ಮೆ ಹೇಳುವುದರಿಂದ ವೇಗ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಪ್ಲಾನು ದೊಡ್ಡದಿದ್ದೂ ವಿಡಿಯೊ ಕಾಲ್ ತಡವರಿಸಿದರೆ ಮನೆಯಲ್ಲಿ ಯಾರದೋ ಫೋನು ಮದುವೆಯ ಫೋಟೊಗಳನ್ನೆಲ್ಲ ಒಟ್ಟಿಗೆ ಅಪ್‌ಲೋಡ್ ಮಾಡುತ್ತಿದೆಯೇ ನೋಡಿ. ರೂಟರಿನಲ್ಲಿ ಉದ್ದದ ಸಾಲು ಬೆಳೆದು ನಿಮ್ಮ ಮಾತು ಅದರ ತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡುವಾಗ ‘ನೆಟ್ ಸ್ಲೋ’ ಎನ್ನಬೇಡಿ. ‘ಎಲ್‌ಒಎಸ್ ದೀಪ ಕೆಂಪಾಗಿಲ್ಲ, ಆದರೆ ಆಪ್ಟಿಕಲ್ ಪವರ್ ಮೈನಸ್ 29 ಇದೆ, ಲ್ಯಾನ್ ಕೇಬಲ್ ಹಾಕಿ ನೋಡಿದರೂ ಪಿಂಗ್ ಹತ್ತಕ್ಕೆ ಮೂರು ತಪ್ಪುತ್ತಿದೆ’ ಎನ್ನಿ. ಮಾತು ನೇರ ಲೈನ್‌ಮನ್ ಕಡೆಗೆ ಹೋಗುತ್ತದೆ. ಅವರು ಕೊಡುವ ಡಾಕೆಟ್ ನಂಬರನ್ನು ಬರೆದಿಟ್ಟುಕೊಳ್ಳಿ. ದೂರು ಬಗೆಹರಿಯದಿದ್ದರೆ ಟ್ರಾಯ್‌ನ 2012ರ ನಿಯಮದಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಆ ನಂಬರು ಬೇಕು, ಶುಲ್ಕವಿಲ್ಲ.