ಶನಿವಾರದ ರಾತ್ರಿಗೆ ಒಂದು ಕನ್ನಡ ಚಿತ್ರ

ಹೊರನಾಡಿನಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಿ ಒಂದು ಸಂಗತಿ ಈಚೆಗೆ ಸಾಮಾನ್ಯವಾಗಿಬಿಟ್ಟಿದೆ. ತಾಯಿ ಕನ್ನಡದಲ್ಲಿ ಕೇಳುತ್ತಾಳೆ. ಮಗ ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಉತ್ತರ ಕೊಡುತ್ತಾನೆ. ಅವನಿಗೆ ಕನ್ನಡ ತಿಳಿಯದೆಂದಲ್ಲ. ತಿಳಿಯುತ್ತದೆ, ನಾಲಗೆಗೆ ಬರುವುದಿಲ್ಲ. ಅವನ ಪಾಲಿಗೆ ಕನ್ನಡವೆಂದರೆ ‘ಊಟಕ್ಕೆ ಬಾ’, ‘ಸ್ನಾನ ಮಾಡು’, ‘ಓದಿಕೋ’ ಎಂಬ ನಾಲ್ಕಾರು ಅಪ್ಪಣೆಗಳ ಭಾಷೆ. ಆ ಭಾಷೆಯಲ್ಲಿ ಜನ ನಗುತ್ತಾರೆ, ಜಗಳವಾಡುತ್ತಾರೆ, ಒಲಿಯುತ್ತಾರೆ, ಬೇಕಾದಾಗ ಸೊಗಸಾಗಿ ಸುಳ್ಳನ್ನೂ ಹೇಳುತ್ತಾರೆ ಎಂಬುದನ್ನು ಅವನು ಕಿವಿಯಾರೆ ಕೇಳಿದ್ದು ಕಡಮೆ. ಊರಿನ ಜಗಲಿಯಲ್ಲಿ ತಾನಾಗಿ ಕಿವಿಗೆ ಬೀಳುತ್ತಿದ್ದ ಮಾತನ್ನು ಇಲ್ಲಿ ನಾವು ಹುಡುಕಿ ತಂದು ಕೇಳಿಸಬೇಕಾಗಿದೆ.

ಹೀಗೆ ಕೇಳಿಸುವುದಕ್ಕೆ ಸುಲಭವಾದ ಒಂದು ದಾರಿ ವಾರಕ್ಕೊಂದು ಕನ್ನಡ ಚಿತ್ರ. ಹಿಂದೆ ಪರಊರಿನ ಕನ್ನಡ ಸಂಘಗಳು ಭಾನುವಾರದ ಬೆಳಗಿನ ಆಟಕ್ಕೆ ಚಿತ್ರಮಂದಿರವನ್ನು ಗೊತ್ತುಮಾಡಿ, ಪೆಟ್ಟಿಗೆ ತರಿಸಿ, ಮನೆಮನೆಗೆ ಟಿಕೀಟು ಮಾರಿ ಒಂದು ಚಿತ್ರವನ್ನು ತೋರಿಸುವಷ್ಟರಲ್ಲಿ ಸುಸ್ತಾಗುತ್ತಿದ್ದವು. ಆಮೇಲೆ ಕ್ಯಾಸೆಟ್ಟಿನ ಕಾಲ ಬಂದಿತು; ಬೇಸಗೆಯ ರಜೆಗೆ ಊರಿಗೆ ಹೋದವರು ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ ನಾಲ್ಕು ಕ್ಯಾಸೆಟ್ಟುಗಳನ್ನು ಇಟ್ಟುಕೊಂಡು ಬರುತ್ತಿದ್ದರು. ಆ ಕ್ಯಾಸೆಟ್ಟಿನ ಅಂಗಡಿಗಳು ಈಗ ಮುಚ್ಚಿಹೋಗಿವೆ. ಚಿತ್ರವೇ ಅಂತರಜಾಲದ ದಾರಿಯಿಂದ ನಮ್ಮ ಮನೆಯ ಟೀವಿಗೆ ಬಾಡಿಗೆಗೆ ಬರುತ್ತದೆ. ದಾರಿ ಇಷ್ಟು ಸುಗಮವಾದ ಮೇಲೂ ಯಾವುದನ್ನು ನೋಡುವುದೆಂದು ತಿಳಿಯದೆ, ಕೈಗೆ ಸಿಕ್ಕಿದ ಹಿಂದಿ ಚಿತ್ರವನ್ನೇ ಹಾಕಿ ಮಲಗುವ ಮನೆಗಳು ಹಲವು. ಅಂಥವರ ಉಪಯೋಗಕ್ಕಾಗಿ ಕಳೆದ ಹತ್ತು ಹನ್ನೊಂದು ವರ್ಷಗಳ ಏಳು ಚಿತ್ರಗಳನ್ನು ಆರಿಸಿ ಇಲ್ಲಿ ಪರಿಚಯಿಸುತ್ತಿದ್ದೇವೆ. ಬೇರೆ ಬೇರೆ ಸೀಮೆಯ ಮಾತು ಮಕ್ಕಳ ಕಿವಿಗೆ ಬೀಳಲಿ ಎಂಬುದು ನಮ್ಮ ಆಯ್ಕೆಯ ಹಿಂದಿನ ಉದ್ದೇಶ.

‘ಕೆ.ಜಿ.ಎಫ್.’, ‘ಕಾಂತಾರ’, ‘777 ಚಾರ್ಲಿ’ ಮುಂತಾದ ಹೆಸರುವಾಸಿ ಚಿತ್ರಗಳನ್ನು ನಾವು ಶಿಫಾರಸು ಮಾಡಬೇಕಾದುದಿಲ್ಲ. ಓದುಗರು ಅವನ್ನು ಆಗಲೇ ನೋಡಿದ್ದಾರೆ. ಆದರೆ ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ಈ ಚಿತ್ರಗಳು ಹಿಂದಿ, ತಮಿಳು, ತೆಲುಗು, ಮಲಯಾಳ ಮಾತುಗಳಲ್ಲಿಯೂ ಬಂದುವು. ಅದು ಅವುಗಳ ಕೀರ್ತಿಗೆ ಒಳ್ಳೆಯದೇ. ಆದರೆ ಪುಣೆಯ ಕನ್ನಡ ಮನೆಯವರು ‘ಕಾಂತಾರ’ವನ್ನು ಹಿಂದಿಯಲ್ಲಿ ನೋಡಿ, ‘ನಮ್ಮ ಚಿತ್ರ’ ಎಂದು ಎದೆಯುಬ್ಬಿಸಿದರೆ ಮಗುವಿಗೆ ಸಿಕ್ಕಿದ್ದೇನು? ಕರಾವಳಿಯ ಕಾಡು ಸಿಕ್ಕಿತು, ಭೂತಕೋಲದ ವೇಷ ಸಿಕ್ಕಿತು, ಮಾತು ಸಿಕ್ಕಲಿಲ್ಲ. ಆದುದರಿಂದ ಯಾವ ಚಿತ್ರವನ್ನು ಹಾಕಿದರೂ ಧ್ವನಿಯ ಭಾಷೆ ಕನ್ನಡವಾಗಿದೆಯೇ ಎಂದು ಮೊದಲು ನೋಡಿಕೊಳ್ಳತಕ್ಕದ್ದು.

ಮೊದಲ ರಾತ್ರಿ: ಮಕ್ಕಳ ಜೊತೆಗೆ

ಮೊದಲ ಸಲ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದಾದರೆ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಎಂಬ ಚಿತ್ರದಿಂದ ಪ್ರಾರಂಭಿಸಬೇಕು. ಹೆಸರು ಶಾಲೆಯ ಹಲಗೆಯಷ್ಟೇ ಉದ್ದ. 2018ರಲ್ಲಿ ತೆರೆಕಂಡ ಇದರ ನಿರ್ದೇಶಕರು ರಿಷಬ್ ಶೆಟ್ಟರು. ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಕೃತಿ ಇದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಕಥೆಯನ್ನು ಹಿರಿಯರು ಬಲ್ಲರು. ಅಲ್ಲಿಯ ಒಂದು ಕನ್ನಡ ಶಾಲೆ ಮುಚ್ಚುವ ಸ್ಥಿತಿಗೆ ಬಂದಾಗ ಮಕ್ಕಳೇ ಅದನ್ನು ಉಳಿಸಿಕೊಳ್ಳಲು ಹೊರಡುವುದು ಕಥಾವಸ್ತು. ಸಹಾಯ ಹುಡುಕಿಕೊಂಡು ಅವರು ಮೈಸೂರಿನವರೆಗೂ ಹೋಗುತ್ತಾರೆ. ಅಲ್ಲಿಂದ ಬರುವ ಅನಂತಪದ್ಮನಾಭರ ಪಾತ್ರದಲ್ಲಿ ಅನಂತನಾಗ್ ಅವರು ನ್ಯಾಯಾಲಯದಲ್ಲಿ ಆಡುವ ಮಾತು ದೊಡ್ಡವರನ್ನೂ ಹಿಡಿದು ಕೂರಿಸುತ್ತದೆ. ಉಪದೇಶದ ಭಾರವಿಲ್ಲದೆ ನಗಿಸುವ ಚಿತ್ರ. ನೋಡಿ ಮುಗಿಸಿದ ಮೇಲೆ ‘ನಮ್ಮ ಊರಿನಲ್ಲಿ ಕನ್ನಡ ಶಾಲೆ ಇದೆಯೇ?’ ಎಂದು ಮಕ್ಕಳು ಕೇಳಬಹುದು. ತಕ್ಕ ಉತ್ತರವನ್ನು ತಂದೆತಾಯಿಗಳು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಶಾಲೆಯ ಬಾಗಿಲು ದಾಟಿ ಕಾಲೇಜಿಗೆ ಹೋದ ಮಕ್ಕಳಿದ್ದರೆ 2023ರ ‘ಡೇರ್‌ಡೆವಿಲ್ ಮುಸ್ತಾಫಾ’ ಹಿತವಾಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಕಥೆಯನ್ನು ಆಧರಿಸಿದ ಚಿತ್ರ ಇದು. ನಿರ್ದೇಶಕರು ಶಶಾಂಕ್ ಸೋಗಾಲ್. ತೇಜಸ್ವಿಯವರ ಓದುಗರೇ ಕೈಯಿಂದ ಹಣ ಹಾಕಿ ಇದನ್ನು ಮಾಡಿಸಿದರೆಂಬುದು ಕನ್ನಡ ಓದುಗರ ಗೌರವವನ್ನು ಹೆಚ್ಚಿಸಿದ ಸಂಗತಿ. ಮಲೆನಾಡಿನ ಒಂದು ಸಣ್ಣ ಊರಿನ ಕಾಲೇಜು. ಎಲ್ಲರೂ ಹಿಂದೂ ಹುಡುಗರೇ ಆದ ತರಗತಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ಪರಸ್ಪರ ತಿಳಿಯದವರ ನಡುವೆ ಹುಟ್ಟುವ ಅನುಮಾನ, ಚೇಷ್ಟೆ, ಕೊನೆಗೆ ಕ್ರಿಕೆಟ್ಟಿನ ಬಯಲಿನಲ್ಲಿ ಕೂಡಿಬರುವ ಸ್ನೇಹ ಇವೆಲ್ಲ ತೇಜಸ್ವಿಯವರ ತುಂಟತನವನ್ನು ಕಳೆದುಕೊಳ್ಳದೆ ತೆರೆಗೆ ಬಂದಿವೆ. ತರಗತಿಯಲ್ಲಿ ತಾನೊಬ್ಬನೇ ಬೇರೆ ಹೆಸರಿನವನಾಗಿ ಕೂತ ಅನುಭವ ಹೊರನಾಡಿನ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಚಿತ್ರ ಹಿಡಿಸಿದರೆ ಮರುದಿನ ಆ ಕಥಾಸಂಕಲನವನ್ನೇ ಕೈಗಿಡಿ. ಅದೇ ಸಂಕಲನದ ‘ತಬರನ ಕಥೆ’ಯನ್ನು ಗಿರೀಶ ಕಾಸರವಳ್ಳಿಯವರು 1986ರಲ್ಲಿಯೇ ಚಿತ್ರವಾಗಿಸಿದ್ದರು.

ಹಿರಿಯರ ಜೊತೆಗೆ

ನಮ್ಮ ಪಟ್ಟಿಯಲ್ಲಿ ಹೊರನಾಡ ಕನ್ನಡಿಗರ ಎದೆಗೆ ನೇರವಾಗಿ ತಾಕುವುದು ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. 2016ರಲ್ಲಿ ಬಂದ ಈ ಚಿತ್ರ ಹೇಮಂತ್ ರಾವ್ ಅವರ ಮೊದಲ ನಿರ್ದೇಶನ. ಕಾಣೆಯಾದವರ ಪ್ರಕಟಣೆಗಳಲ್ಲಿ ಬರುವ ಮಾತೇ ಇದರ ಹೆಸರು ಎಂಬುದು ಹಿರಿಯರಿಗೆ ಕೇಳಿದೊಡನೆ ಹೊಳೆಯುತ್ತದೆ. ಮರೆವಿನ ರೋಗಕ್ಕೆ ತುತ್ತಾದ ವೆಂಕೋಬರಾಯರು ಬೆಂಗಳೂರಿನ ಒಂದು ಆರೈಕೆಯ ಮನೆಯಲ್ಲಿದ್ದಾರೆ. ಮಗ ಶಿವ ಮುಂಬೈಯಲ್ಲಿ ಕೆಲಸಕ್ಕಿದ್ದಾನೆ. ಕರ್ತವ್ಯವೆಂಬಂತೆ ನೋಡಲು ಬಂದ ಮಗನ ಅಜಾಗ್ರತೆಯಿಂದ ಮುದುಕರು ದಾರಿ ತಪ್ಪುತ್ತಾರೆ. ತಂದೆಯನ್ನು ಹುಡುಕುತ್ತ ಹೋದ ಮಗನಿಗೆ, ತಂದೆ ಎಂಥವರಾಗಿದ್ದರು ಎಂಬುದು ಬೇರೆಯವರ ಬಾಯಿಂದ ತಿಳಿದುಬರುತ್ತದೆ.

ವೆಂಕೋಬರಾಯರಾಗಿ ಅನಂತನಾಗ್, ಮಗನಾಗಿ ರಕ್ಷಿತ್ ಶೆಟ್ಟಿ. ಅನಂತನಾಗ್ ಅವರು ಎಳೆಯ ವಯಸ್ಸಿನಲ್ಲಿ ಮುಂಬೈಯ ಕೊಂಕಣಿ, ಕನ್ನಡ, ಮರಾಠಿ ರಂಗಭೂಮಿಗಳಲ್ಲಿ ಪಳಗಿದವರು ಎಂಬುದನ್ನು ಮುಂಬೈಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಇಲ್ಲಿ ಅವರು ಅಭಿನಯಿಸುತ್ತಿದ್ದಾರೆಂದು ಅನ್ನಿಸುವುದೇ ಇಲ್ಲ. ಊರಿನಲ್ಲಿ ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ಬಂದವರು ಈ ಚಿತ್ರವನ್ನು ಸುಖವಾಗಿ ನೋಡಲಾರರು; ಆದರೆ ನೋಡಲೇಬೇಕು. ಭಾನುವಾರದ ಫೋನಿನಲ್ಲಿ ‘ಔಷಧಿ ತೊಗೊಂಡ್ರಾ? ಹಣ ಬಂತಾ?’ ಎಂಬೆರಡು ಪ್ರಶ್ನೆಗಳಿಗೆ ಮಾತು ಮುಗಿಯುತ್ತಿದ್ದರೆ, ಈ ಚಿತ್ರದ ಮರುದಿನ ಇನ್ನೊಂದು ಪ್ರಶ್ನೆ ಹುಟ್ಟೀತು. ಕಥೆಯ ನಡುವೆ ಕೊಲೆಗಡುಕರ ಒಂದು ಎಳೆಯಿದೆ. ಸಣ್ಣ ಮಕ್ಕಳನ್ನು ಮಲಗಿಸಿ ನೋಡುವುದು ಲೇಸು. ಇದರ ತಮಿಳು ರೂಪ 2018ರಲ್ಲಿ ಬಂದಿತು. ಚೆನ್ನೈಯ ಓದುಗರು ಅದನ್ನು ಕಂಡಿದ್ದರೂ ಮೂಲವನ್ನು ಬಿಡಬಾರದು.

ಹಿರಿಯರಿಗೂ ಕಿರಿಯರಿಗೂ ಹೊಂದುವ ತಿಳಿಹಾಸ್ಯ ಬೇಕೆಂದರೆ 2017ರ ‘ಒಂದು ಮೊಟ್ಟೆಯ ಕಥೆ’. ರಾಜ್ ಬಿ. ಶೆಟ್ಟರು ತಾವೇ ನಿರ್ದೇಶಿಸಿ ತಾವೇ ನಾಯಕರಾಗಿದ್ದಾರೆ. ಮಂಗಳೂರಿನ ಕಾಲೇಜೊಂದರ ಕನ್ನಡ ಉಪನ್ಯಾಸಕ ಜನಾರ್ದನನಿಗೆ ತಲೆಯ ಮೇಲೆ ಕೂದಲಿಲ್ಲ, ಕನ್ಯೆ ಸಿಗುವುದಿಲ್ಲ, ಡಾಕ್ಟರ್ ರಾಜ್‌ಕುಮಾರರೇ ಅವನ ಆರಾಧ್ಯದೈವ. ಕನ್ನಡ ಪಾಠ ಹೇಳುವವನೆಂದರೆ ಹುಡುಗರಿಗೆ ಎಷ್ಟು ಸದರ ಎಂಬುದು ನಗುವಿನ ಅಡಿಯಲ್ಲಿ ಮೆಲ್ಲನೆ ಚುಚ್ಚುತ್ತದೆ. 2019ರಲ್ಲಿ ಇದೇ ಕಥೆ ಹಿಂದಿಯಲ್ಲಿ ‘ಉಜ್ಡಾ ಚಮನ್’ ಆಗಿ ಬಂದಿತು. ದೆಹಲಿಯ ಮಕ್ಕಳಿಗೆ ‘ಇದು ಮೊದಲು ಕನ್ನಡದಲ್ಲಿ ಹುಟ್ಟಿದ ಕಥೆ’ ಎಂದು ಹೇಳಿ ತೋರಿಸಬಹುದು. ಮಂಗಳೂರಿನ ಕನ್ನಡದ ಅಚ್ಚುಕಟ್ಟು, ಅದರ ರಾಗ ಹಳೆಯ ಮೈಸೂರಿನವರಿಗೂ ಧಾರವಾಡದವರಿಗೂ ಸಮನಾಗಿ ವಿನೋದವೆನಿಸುತ್ತದೆ.

ದೊಡ್ಡವರಷ್ಟೇ ಕೂತಾಗ

‘ತಿಥಿ’ಯ ವಿಷಯದಲ್ಲಿ ಮೊದಲೇ ಒಂದು ಎಚ್ಚರಿಕೆ: ಇದರಲ್ಲಿ ಕುಡಿತವಿದೆ, ಒರಟು ಮಾತಿದೆ; ಚಿಕ್ಕವರಿಗೆ ತಕ್ಕದ್ದಲ್ಲ. ದೊಡ್ಡವರಿಗೆ ಮಾತ್ರ ಇದರಂಥ ಔತಣ ಇನ್ನೊಂದಿಲ್ಲ. ರಾಮ್ ರೆಡ್ಡಿಯವರು ಈರೇಗೌಡರೊಡನೆ ಕೂಡಿ ಕಥೆ ಬರೆದು, ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ಹಳ್ಳಿಯವರನ್ನೇ ಪಾತ್ರಧಾರಿಗಳನ್ನಾಗಿಸಿ ಮಾಡಿದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಬಹುಮಾನ ಗಳಿಸಿ, ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆದು, 2016ರಲ್ಲಿ ಚಿತ್ರಮಂದಿರಗಳಿಗೆ ಬಂದಿತು. ನೂರಾ ಒಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬಯ್ದು ಬಯ್ದು ಒಂದು ದಿನ ಕಣ್ಣು ಮುಚ್ಚುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಏನೇನು ನಡೆಯುತ್ತದೆ ಎಂಬುದೇ ಕಥೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಊರಿಂದೂರಿಗೆ ಅಲೆಯುವುದೇ ಅವನ ಬದುಕು. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಹೆಸರಿನಲ್ಲಿರುವ ಜಮೀನು ಮಾರಬೇಕು. ಅದಕ್ಕಾಗಿ ಬದುಕಿರುವ ತಂದೆಯನ್ನೇ ಕಾಗದದಲ್ಲಿ ಸಾಯಿಸುತ್ತಾನೆ. ಮರಿಮಗನಿಗೆ ಕುರಿಗಾಹಿ ಹುಡುಗಿಯ ಮೇಲೆ ಕಣ್ಣು. ಊರಿನ ಹೊಲದ ಖಾತೆ ಯಾರ ಹೆಸರಿನಲ್ಲಿದೆ, ರುಜು ಹಾಕುವವರಾರು ಎಂದು ಪರಊರಿನಲ್ಲಿ ಕುಳಿತು ಚಿಂತಿಸುವ ನಮಗೆ ಇದು ಬರಿಯ ನಗೆಯ ಚಿತ್ರವಾಗಿ ಕಾಣುವುದಿಲ್ಲ.

ಮಂಡ್ಯದಿಂದ ಉತ್ತರಕ್ಕೆ ಹೋದರೆ ‘ಶಿವಮ್ಮ’. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಹಳ್ಳಿಯಲ್ಲಿ ನಡೆಯುವ ಈ ಕಥೆಯನ್ನು ಜೈಶಂಕರ್ ಆರ್ಯರ್ ನಿರ್ದೇಶಿಸಿದ್ದಾರೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು 2024ರಲ್ಲಿ ನಮ್ಮಲ್ಲಿ ತೆರೆಕಂಡಿತು. ಶಾಲೆಯ ಬಿಸಿಯೂಟದ ಅಡುಗೆಯಾಕೆ ಶಿವಮ್ಮ. ಗಂಡ ಹಾಸಿಗೆ ಹಿಡಿದವನು. ಬಡತನದಿಂದ ಪಾರಾಗಲು ಆಕೆ ಒಂದು ಪುಷ್ಟಿಯ ಪುಡಿಯನ್ನು ಮಾರುವ ಜಾಲಕ್ಕೆ ಸೇರಿ, ನೆರೆಯವರನ್ನೂ ಸೇರಿಸುತ್ತ ಹೋಗುತ್ತಾಳೆ. ಶರಣಮ್ಮ ಚೆಟ್ಟಿಯವರ ಅಭಿನಯದಲ್ಲಿ ಹಟವೂ ಇದೆ, ದೈನ್ಯವೂ ಇದೆ, ನಗೆಯೂ ಇದೆ. ಆ ಸೀಮೆಯವರಿಗೆ ತವರಿನ ಮಾತು ಕೇಳಿದ ತೃಪ್ತಿ. ಮಿಕ್ಕವರಿಗೆ ಕನ್ನಡ ಇಷ್ಟು ಅಗಲವಾಗಿದೆಯೇ ಎಂಬ ಬೆರಗು. ಇಂಥ ಮಾರಾಟದ ಜಾಲಗಳು ನಮ್ಮ ನಗರಗಳ ವಸತಿಗೃಹಗಳಲ್ಲಿಯೂ ಬಾಗಿಲು ತಟ್ಟುವುದರಿಂದ ಗೃಹಿಣಿಯರು ಇದನ್ನು ವಿಶೇಷವಾಗಿ ನೋಡಬೇಕು.

ಕೊನೆಯದಾಗಿ ‘ಮಿಥ್ಯ’. 2025ರ ಮಾರ್ಚಿಯಲ್ಲಿ ತೆರೆಗೆ ಬಂದ ಈ ಚಿತ್ರವನ್ನು ಸುಮಂತ್ ಭಟ್ಟರು ನಿರ್ದೇಶಿಸಿದ್ದಾರೆ. ತಂದೆತಾಯಿಗಳನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ್ ಮುಂಬೈಯನ್ನು ಬಿಟ್ಟು ಉಡುಪಿಯ ನಂಟರ ಮನೆಗೆ ಬಂದು ಸೇರುತ್ತಾನೆ. ನಾವು ಊರಿನಿಂದ ಮುಂಬೈಗೆ ಬಂದ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇವೆ. ಇದು ಮುಂಬೈಯಿಂದ ಊರಿಗೆ ಮರಳಿದ ಮಗುವಿನ ಕಥೆ. ಹಿರಿಯರು ‘ನಮ್ಮೂರು’ ಎಂದು ಕರೆಯುವ ಸ್ಥಳ ಮಗುವಿಗೆ ಪರಸ್ಥಳವಾಗಬಹುದೆಂಬುದನ್ನು ಇದು ಸದ್ದಿಲ್ಲದೆ ತಿಳಿಸುತ್ತದೆ. ದುಃಖದ ಚಿತ್ರವಾದುದರಿಂದ ಮಕ್ಕಳಿಗಿಂತ ತಂದೆತಾಯಿಗಳಿಗೆ ಇದು ಹೆಚ್ಚು ಪ್ರಯೋಜನಕಾರಿ.

ಬಾಡಿಗೆಗೆ ತರುವವರಿಗೆ ನಾಲ್ಕು ಮಾತು

ಚಿತ್ರಗಳ ಹಕ್ಕು ಒಬ್ಬರಿಂದೊಬ್ಬರಿಗೆ ಹೋಗುತ್ತಿರುವುದರಿಂದ ಈ ತಿಂಗಳು ಒಂದೆಡೆ ಸಿಕ್ಕಿದ್ದು ಮುಂದಿನ ತಿಂಗಳು ಇನ್ನೊಂದೆಡೆ ಇರಬಹುದು. ಹೆಸರನ್ನು ಕನ್ನಡ ಅಕ್ಷರದಲ್ಲಿಯೂ ಇಂಗ್ಲಿಷ್ ಅಕ್ಷರದಲ್ಲಿಯೂ ಬರೆದು ಹುಡುಕಿ ನೋಡಿ. ನೀವು ಚಂದಾ ಕಟ್ಟಿರುವ ಕಡೆಯಲ್ಲಿಯೇ ಚಿತ್ರವಿದ್ದರೆ ಬೇರೆ ಬಾಡಿಗೆ ಬೇಕಿಲ್ಲ. ಬಾಡಿಗೆ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಪ್ರಾರಂಭಿಸಬೇಕು. ಪ್ರಾರಂಭಿಸಿದ ಮೇಲೆ 48 ಗಂಟೆಗಳೊಳಗೆ ಮುಗಿಸಬೇಕು. ಶನಿವಾರ ರಾತ್ರಿ ಅರ್ಧ ನೋಡಿ, ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಉಳಿದರ್ಧ ನೋಡುವುದಕ್ಕೆ ಈ ಅವಧಿ ಧಾರಾಳವಾಯಿತು.

ಮನೆಗೆ ಬಂದ ಸೊಸೆ ಪಂಜಾಬಿನವಳೋ ಅಳಿಯ ತಮಿಳಿನವನೋ ಆಗಿದ್ದರೆ ಇಂಗ್ಲಿಷ್ ಅಡಿಬರಹವನ್ನು ಹಾಕಿಕೊಳ್ಳಿ. ಅದರಲ್ಲಿ ಸಂಕೋಚವೇನೂ ಬೇಡ. ಅವರೂ ಜೊತೆಗೆ ಕೂತು ನಕ್ಕರೆ ಮೊಮ್ಮಕ್ಕಳ ಕನ್ನಡಕ್ಕೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ. ತಿಳಿಯದ ಮಾತು ಬಂದಾಗ ಚಿತ್ರವನ್ನು ನಿಲ್ಲಿಸಿ ಅಜ್ಜಿಯನ್ನು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿ. ಚಿತ್ರಮಂದಿರದಲ್ಲಿ ಇಲ್ಲದ ಸೌಕರ್ಯ ಇದು. ದಯವಿಟ್ಟು ಕದ್ದ ಪ್ರತಿಗಳನ್ನು ನೋಡಬೇಡಿ. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ಸಣ್ಣ ಬಂಡವಾಳದ ಚಿತ್ರಗಳು. ನಾವು ಕೊಡುವ ಬಾಡಿಗೆ ಒಂದು ಮಸಾಲೆದೋಸೆಯ ಬೆಲೆಗಿಂತ ಬಹಳ ಹೆಚ್ಚೇನಲ್ಲ. ಆದರೆ ಅದು ಸೇರಿದರೆ ಅಂಥ ಇನ್ನೊಂದು ಚಿತ್ರ ಹುಟ್ಟುತ್ತದೆ.

ಚಿತ್ರ ಮುಗಿದೊಡನೆ ಎದ್ದು ಹೋಗದೆ ಹತ್ತು ನಿಮಿಷ ಅಲ್ಲಿಯೇ ಕೂತು ಮಾತಾಡಿ ಎಂದು ಓದುಗ ಬಾಂಧವರಲ್ಲಿ ನಮ್ಮ ಪ್ರಾರ್ಥನೆ. ಯಾರು ಸರಿ, ಯಾರು ತಪ್ಪು, ಗಡ್ಡಪ್ಪ ಜಾಣನೋ ಬೇಜವಾಬ್ದಾರನೋ, ಶಿವಮ್ಮ ಮಾಡಿದ್ದು ನ್ಯಾಯವೋ ಎಂದು ವಾದ ಹುಟ್ಟಲಿ. ವಾದದ ಬಿಸಿಯಲ್ಲಿ ಮಗ ತಪ್ಪುತಪ್ಪಾಗಿಯಾದರೂ ನಾಲ್ಕು ಕನ್ನಡ ಮಾತಾಡಿದರೆ ತಿದ್ದಲು ಹೋಗಬೇಡಿ; ಆಡಲಿ. ನಿಮಗೆ ಹಿಡಿಸಿದ ಬೇರೆ ಚಿತ್ರಗಳಿದ್ದರೆ ನಮಗೂ ಬರೆದು ತಿಳಿಸಿ. ಈ ಪಟ್ಟಿ ಬೆಳೆಯಬೇಕಾದುದು ನಿಮ್ಮೆಲ್ಲರ ಮನೆಗಳಿಂದ.